ಜೆಂಟೂ ಹಾಕುವವರಿಗೆ: ಪ್ರೊಫೈಲ್ ಮೊದಲು, ಯೂಸ್ ಫ್ಲ್ಯಾಗ್ ಆಮೇಲೆ

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಇಷ್ಟೇ ಕೆಲಸ. ಅಂಗಡಿಯ ಮಷಿನ್‌ನಲ್ಲಿ ಇರುವುದು ಜೆಂಟೂ ಲಿನಕ್ಸ್, ಸಾಫ್ಟ್‌ವೇರನ್ನು ನಮ್ಮ ಮಷಿನ್‌ನಲ್ಲೇ ಸೋರ್ಸ್‌ನಿಂದ ಕಂಪೈಲ್ ಮಾಡಿಕೊಳ್ಳುವ ಆಪರೇಟಿಂಗ್ ಸಿಸ್ಟಮ್. ಅದನ್ನು ನೋಡಿ ಆಸೆಪಟ್ಟ ಕಾಲೇಜು ಹುಡುಗರು ಯೂಸ್ ಫ್ಲ್ಯಾಗ್ (ಸಾಫ್ಟ್‌ವೇರಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಅಂತ ಹೇಳುವ ಗುರುತು) ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಪ್ರೊಫೈಲ್, ಅಂದರೆ ಜೆಂಟೂ ಮೊದಲೇ ಸಿದ್ಧ ಮಾಡಿಟ್ಟ ಸೆಟ್ಟಿಂಗ್‌ಗಳ ಕಟ್ಟು, ಅದರ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಫ್ಲ್ಯಾಗ್‌ಗಳು ತೀರ್ಮಾನ ಆಗುವುದೇ ಅಲ್ಲಿ.

‘ಇಸೆಲೆಕ್ಟ್ ಪ್ರೊಫೈಲ್ ಲಿಸ್ಟ್’ ಅಂತ ಹೊಡೆದರೆ ಉದ್ದ ಪಟ್ಟಿ ಬರುತ್ತದೆ. ಗಾಬರಿ ಬೇಡ. 2024ರಲ್ಲಿ ಬಂದ 23.0 ಸಾಲನ್ನು ಮಾತ್ರ ನೋಡಿ. ಪರದೆಯ ಮೇಲೆ ಮೆನು, ವಿಂಡೋ ತೋರಿಸುವ ಡೆಸ್ಕ್‌ಟಾಪ್‌ಗಳಲ್ಲಿ ಕೆಡಿಇ ಬೇಕಾದವರಿಗೆ ಡೆಸ್ಕ್‌ಟಾಪ್ ಪ್ಲಾಸ್ಮಾ, ಗ್ನೋಮ್ ಬೇಕಾದವರಿಗೆ ಡೆಸ್ಕ್‌ಟಾಪ್ ಗ್ನೋಮ್. ನನ್ನ ಹಾಗೆ ಎಕ್ಸ್‌ಎಫ್‌ಸಿಇ ಸಾಕು ಅನ್ನುವವರಿಗೆ ಬರೀ ಡೆಸ್ಕ್‌ಟಾಪ್. ನೀವು ಇಳಿಸಿಕೊಂಡ ಸ್ಟೇಜ್ 3 (ಇನ್‌ಸ್ಟಾಲ್ ಶುರುಮಾಡುವ ಮೂಲ ಫೈಲ್) ಓಪನ್‌ಆರ್‌ಸಿಯದ್ದೋ ಸಿಸ್ಟಮ್‌ಡಿಯದ್ದೋ (ಎರಡೂ ಸಿಸ್ಟಮ್ ಬೂಟ್ ಮಾಡಿ ಸರ್ವಿಸ್ ನಡೆಸುವ ಪ್ರೋಗ್ರಾಮ್‌ಗಳು), ಪ್ರೊಫೈಲ್ ಕೂಡ ಅದರದ್ದೇ ಇರಲಿ. ಮಧ್ಯದಲ್ಲಿ ಬದಲಾಯಿಸುವುದು ಸುಮ್ನೆ ತಲೆನೋವು.

ನೋ-ಮಲ್ಟಿಲಿಬ್ ಅನ್ನುವ, 32 ಬಿಟ್ ಲೈಬ್ರರಿ ಇಲ್ಲದ ಪ್ರೊಫೈಲ್ ಹಗುರ ಅಂತ ಕಣ್ಣು ಕುಕ್ಕುತ್ತದೆ. ಪ್ರಿಂಟಿಂಗ್ ಕೆಲಸದವರು ಅದರ ತಂಟೆಗೆ ಹೋಗಬೇಡಿ. ಕೆಲವು ಹಳೆಯ ಪ್ರಿಂಟರ್ ಡ್ರೈವರ್‌ಗಳಿಗೆ ಈಗಲೂ 32 ಬಿಟ್ ಲೈಬ್ರರಿ ಬೇಕು. ಒಮ್ಮೆ ಆ ಕಡೆ ಹೋದರೆ ವಾಪಸ್ ಬರುವುದು ಸುಲಭವಲ್ಲ.

ಈಗ ಯೂಸ್ ಫ್ಲ್ಯಾಗ್. ಡೆಸ್ಕ್‌ಟಾಪ್ ಪ್ರೊಫೈಲ್ ಪ್ರಿಂಟಿಂಗ್‌ನ ಕಪ್ಸ್, ಪಿಡಿಎಫ್, ಟಿಫ್, ಬಣ್ಣ ಸರಿಹೊಂದಿಸುವ ಎಲ್‌ಸಿಎಂಎಸ್, ಎಲ್ಲವನ್ನೂ ತಾನೇ ಆನ್ ಮಾಡಿರುತ್ತದೆ. ಪ್ಯಾಕೇಜ್ ಹಾಕುವ ಕಮಾಂಡ್ ಎಮರ್ಜ್; ‘ಎಮರ್ಜ್ ಇನ್ಫೋ’ ಕೊಟ್ಟು ಮೊದಲು ಯೂಸ್ ಸಾಲು ಓದಿ, ಇರುವುದನ್ನೇ ಮತ್ತೆ ಬರೆಯಬೇಡಿ. ನನ್ನ ಮುಖ್ಯ ಸೆಟ್ಟಿಂಗ್ ಫೈಲ್ ಮೇಕ್ ಡಾಟ್ ಕಾನ್ಫ್‌ನ ಯೂಸ್ ಸಾಲಿನಲ್ಲಿ ಇರುವುದು ಮೈನಸ್ ಬ್ಲೂಟೂತ್ ಒಂದೇ, ಅಂದರೆ ಬ್ಲೂಟೂತ್ ಬೇಡ. ಅದರ ಜೊತೆಗೆ ಭಾಷೆ ಹೇಳುವ ಎಲ್10ಎನ್ ಸಾಲಿನಲ್ಲಿ ‘ಕೆಎನ್ ಇಎನ್’, ಲಿಬ್ರೆಆಫೀಸ್ ಕನ್ನಡದಲ್ಲೂ ಸಿಗಲಿ ಅಂತ. ಒಂದು ಪ್ಯಾಕೇಜಿಗೆ ಮಾತ್ರ ಬೇಕಾದ ಫ್ಲ್ಯಾಗನ್ನು ಪ್ಯಾಕೇಜ್ ಡಾಟ್ ಯೂಸ್‌ನಲ್ಲಿ ಹಾಕಿ. ಮೈನಸ್ ಸ್ಟಾರ್ ಕೊಟ್ಟು ಎಲ್ಲ ಅಳಿಸುವ ಶೂರರೂ ಇದ್ದಾರೆ. ಪ್ರೊಫೈಲ್ ಕೊಟ್ಟಿದ್ದೂ ಅಳಿಸಿಹೋಗುತ್ತದೆ, ಆಮೇಲೆ ಅದನ್ನು ಆರಿಸಿ ಏನು ಬಂತು?

ಕಂಪೈಲರ್‌ಗೆ ಸೂಚನೆ ಕೊಡುವ ಸಿ-ಫ್ಲ್ಯಾಗ್ಸ್‌ಗೆ ಮಾರ್ಚ್ ನೇಟಿವ್, ಓ2, ಪೈಪ್. ಅಷ್ಟು ಸಾಕು.

ಒಟ್ಟಿಗೆ ಎಷ್ಟು ಕಂಪೈಲ್ ಜಾಬ್ ಓಡಬೇಕು ಅಂತ ಹೇಳುವ ಮೇಕ್‌ಆಪ್ಟ್ಸ್‌ನಲ್ಲಿ ಮಾತ್ರ ದುರಾಸೆ ಬೇಡ. ಒಂದೊಂದು ಜಾಬಿಗೆ 2 ಜಿಬಿ ರ್‍ಯಾಮ್ ಅಂತ ಲೆಕ್ಕ. 8 ಜಿಬಿ ಇದ್ದರೆ ಜೆ4, ಪ್ರೊಸೆಸರ್‌ನಲ್ಲಿ ಎಂಟು ಥ್ರೆಡ್ ಇದ್ದರೂ ಅಷ್ಟೇ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನಾನು ಜೆ2ಗೆ ಇಳಿಸಿ, ರಾತ್ರಿ ಶಟರ್ ಎಳೆದ ಮೇಲೆ ಓಡಿಸುತ್ತೇನೆ.

ದೊಡ್ಡ ಪ್ಯಾಕೇಜುಗಳನ್ನು ಕಂಪೈಲ್ ಮಾಡುವ ಹಟ ಯಾಕೆ? 2023ರ ಡಿಸೆಂಬರ್‌ನಿಂದ ಜೆಂಟೂನೇ ಮೊದಲೇ ಕಂಪೈಲ್ ಆದ ರೆಡಿ ಬೈನರಿ ಕೊಡುತ್ತಿದೆ. ಫೀಚರ್ಸ್ ಸಾಲಿಗೆ ‘ಗೆಟ್‌ಬಿನ್‌ಪಿಕೆಜಿ’ ಸೇರಿಸಿ. ನಿಮ್ಮ ಫ್ಲ್ಯಾಗ್ ಅವರದ್ದಕ್ಕೆ ಹೊಂದಿದರೆ ಬೈನರಿ ಇಳಿಯುತ್ತದೆ, ಇಲ್ಲದಿದ್ದರೆ ಕಂಪೈಲ್. ಫ್ಲ್ಯಾಗ್ ಕಡಿಮೆ ಮುಟ್ಟಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಬರೆದ ಮೇಲೆ ವರ್ಲ್ಡ್ ಅಪ್‌ಡೇಟ್, ಅಂದರೆ ಇಡೀ ಸಿಸ್ಟಮ್‌ನ ಅಪ್‌ಡೇಟ್ ಕೊಡಿ. ಅಪ್‌ಡೇಟ್, ಡೀಪ್, ಚೇಂಜ್ಡ್-ಯೂಸ್ ಆಯ್ಕೆಗಳ ಜೊತೆಗೆ ಆಸ್ಕ್, ವರ್ಬೋಸ್ ಇರಲೇಬೇಕು. ಪಟ್ಟಿಯಲ್ಲಿ ನಕ್ಷತ್ರ ಇರುವ ಫ್ಲ್ಯಾಗ್‌ಗಳೇ ಬದಲಾದವು. ಅವನ್ನು ಓದಿ ಆಮೇಲೆ ‘ಯೆಸ್’ ಒತ್ತಿ. ನಡುವೆ ಕರೆಂಟ್ ಹೋದರೆ, ಬಂದ ಮೇಲೆ ‘ಎಮರ್ಜ್ ರೆಸ್ಯೂಮ್’. ಅರ್ಧಕ್ಕೆ ನಿಂತ ಪ್ಯಾಕೇಜ್ ಮೊದಲಿನಿಂದ ಶುರುವಾಗುತ್ತದೆ, ಮುಗಿದಿದ್ದವು ಹಾಗೇ ಇರುತ್ತವೆ.