ಬಲೆಗೆ ಹಾವು ಬಿದ್ದಿದೆಯಾ? ಮೊದಲು ಬಾಲ ನೋಡಿ

ಕುಂದಾಪುರ, ಹೊನ್ನಾವರ, ಕುಮಟಾ ಕಡೆ ಅಳಿವೆಯಲ್ಲಿ ರಾತ್ರಿ ಬಲೆ ಬಿಟ್ಟವರಿಗೆ ಬೆಳಿಗ್ಗೆ ಮೀನಿನ ಜೊತೆ ಹಾವು ಸಿಗುವುದು ಹೊಸದೇನಲ್ಲ. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಲ್ಲಿ ಓಡಾಡುವ ನಾಯಿಮೂತಿಯ ನೀರುಹಾವು ಅಂಥದ್ದೊಂದು. ಇದರ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿದೆ. ವಿಷ ಮೀನಿಗೆ ಸಾಕು, ಮನುಷ್ಯರಿಗೆ ಅಷ್ಟೇನೂ ಆಗುವುದಿಲ್ಲ. ತೊಂದರೆ ಏನಂದ್ರೆ, ಅದೇ ನೀರಿಗೆ ಕಡಲ ಹಾವುಗಳೂ ಬರುತ್ತವೆ. ಅವುಗಳ ವಿಷ ಜೀವ ತೆಗೆಯಬಲ್ಲದು.

ಹಾಗಾಗಿ ಬಲೆ ಎಳೆದ ಕೂಡಲೇ ಕೈ ಹಾಕಬೇಡಿ. ದೂರ ನಿಂತು ಬಾಲ ನೋಡಿ. ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿದ್ದರೆ ಕಡಲ ಹಾವು ಅಂತಲೇ ತಿಳಿಯಿರಿ. ಅನುಮಾನ ಇದ್ದರೂ ಹಾಗೇ ತಿಳಿಯಿರಿ, ಬಲೆ ಬಿಟ್ಟು ಹಿಂದೆ ಸರಿದು ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಫೋನ್ ಮಾಡಿ.

ಬಾಲ ಗುಂಡಗಿದ್ದು ಕೊನೆಗೆ ಸಣ್ಣಗಾಗಿದ್ದರೆ ತಲೆ ನೋಡಿ. ನಾಯಿಮೂತಿಯದಕ್ಕೆ ಪುಟ್ಟ ಕಣ್ಣು, ತಲೆಯ ಮೇಲ್ಭಾಗಕ್ಕೇ ಇರುತ್ತವೆ. ಕಣ್ಣಿನ ಮೂಲಕ ಹಾದು ಕತ್ತಿನ ಕಡೆಗೆ ಒಂದು ಕಪ್ಪು ಗೆರೆ. ಮೈ ಬೂದು, ಒರಟು ಹುರುಪೆ.

ಈಗ ಬಿಡಿಸುವುದು. ಅಭ್ಯಾಸ ಇಲ್ಲದವರು ಇಲ್ಲಿಗೇ ನಿಲ್ಲಿಸಿ ಜನ ಕರೆಯುವುದೇ ಒಳ್ಳೆಯದು. ಇದ್ದವರು ತಲೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಉದ್ದ ಕೋಲಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ, ಇನ್ನೊಬ್ಬರು ಬಾಲದ ಕಡೆಯಿಂದ ಕತ್ತರಿಯಲ್ಲಿ ಒಂದೊಂದೇ ದಾರ ಕತ್ತರಿಸುತ್ತಾ ಬರಲಿ. ಎಳೆಯಬೇಡಿ, ದಾರ ಹುರುಪೆಯೊಳಗೆ ಹೋಗಿ ಮೈ ಸೀಳುತ್ತದೆ. ಬಲೆ ಹಾಳಾಯ್ತು ಅಂತ ಬೇಜಾರು ಬೇಡ, ಹತ್ತು ಕಣ್ಣು ಮತ್ತೆ ಹಾಕಿದರೆ ಮುಗಿಯಿತು! ತಲೆಯ ಹತ್ತಿರದ ದಾರ ಕೊನೆಗೆ. ಬಿಡಿಸಿಕೊಂಡ ಹಾವನ್ನು ಅಲ್ಲೇ ನೀರಿಗೆ ಬಿಡಿ. ಹೊಡೆದು ಕೊಲ್ಲುವುದಂತೂ ಬೇಡವೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ.

ಕಚ್ಚಿದರೆ? ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈ ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಿ. ಕಡಲ ಹಾವು ಕಚ್ಚಿದಾಗ ಮೊದಲು ನೋವೇ ಇಲ್ಲದಿರಬಹುದು, ಆಮೇಲೆ ಮೈಕೈ ನೋವು ಶುರುವಾಗಿ ಮೂತ್ರ ಕಪ್ಪಗಾಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿರುವ ಸಾಮಾನ್ಯ ವಿಷಹಾರಿ ಚುಚ್ಚುಮದ್ದು ಕಡಲ ಹಾವಿಗಾಗಿ ಮಾಡಿದ್ದಲ್ಲ. ಅದಕ್ಕೇ ಬಾಲ ಗುಂಡಗಿತ್ತಾ, ಚಪ್ಪಟೆ ಇತ್ತಾ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ, ದೂರದಿಂದ ತೆಗೆದ ಫೋಟೋ ಇದ್ದರೆ ತೋರಿಸಿ.