ಅಜ್ಜಿ ಮತ್ತೆ ಡೈರಿಗೆ ಹೋದರು

ಮುಳಬಾಗಿಲು ತಾಲ್ಲೂಕಿನ ಒಂದು ಊರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಎಲ್ಲರೂ ಆಶಮ್ಮ ಅಂತಲೇ ಕರೆಯುತ್ತಾರೆ. ಬಸುರಿ, ಬಾಣಂತಿ, ಮಕ್ಕಳ ಚುಚ್ಚುಮದ್ದು, ನನ್ನ ಕೆಲಸ ಅಂದರೆ ಇಷ್ಟೇ ಅಂದುಕೊಂಡು ಬಹಳ ವರ್ಷ ಓಡಾಡಿದೆ. ವಯಸ್ಸಾದವರ ಮನೆಗೆ ಹೋದರೆ ಬಿ.ಪಿ., ಶುಗರ್ ಕೇಳಿ ಬರೆದುಕೊಂಡು ಎದ್ದು ಬರುತ್ತಿದ್ದೆ. ನಾನೇ ಒಂದು ತಪ್ಪು ಮಾಡಿದ ಮೇಲೆ ಕಣ್ಣು ಬಿಟ್ಟೆ.

ಹಿಂದಿನ ಬೀದಿಯಲ್ಲಿ ಒಬ್ಬರು ಅಜ್ಜಿ. ಆಗ 76 ವಯಸ್ಸು. ಒಂದು ಸೀಮೆ ಹಸು ಅವರದೇ. ಬೆಳಿಗ್ಗೆ, ಸಂಜೆ ಸ್ಟೀಲ್ ಕ್ಯಾನು ಹಿಡಿದು ಡೈರಿಗೆ ಹೋಗಿ ಹಾಲು ಹಾಕುವುದು, ಬರುವಾಗ ಅರಳಿಕಟ್ಟೆಯಲ್ಲಿ ಅರ್ಧ ಗಂಟೆ ಕೂತು ಊರ ಸುದ್ದಿ ಕೇಳುವುದು. ಒಂದು ರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲ ಹತ್ತಿರ ಬಿದ್ದರು. ಮೂಳೆ ಮುರಿದಿರಲಿಲ್ಲ, ಮುಂಗೈ ಊದಿತ್ತು ಅಷ್ಟೆ. ಮಾರನೇ ದಿನ ಹೋದ ನಾನು ಮಗ ಸೊಸೆಗೆ ಗಟ್ಟಿಯಾಗಿ ಹೇಳಿದೆ: "ಇನ್ನು ಅಜ್ಜೀನ ಎದ್ದು ಓಡಾಡೋಕೆ ಬಿಡಬೇಡಿ. ಏನು ಬೇಕಾದರೂ ಮಂಚದ ಹತ್ತಿರಾನೇ ಕೊಡಿ."

ಒಳ್ಳೆಯ ಜನ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಡೈರಿಗೆ ಸೊಸೆ ಹೋದಳು. ಊಟ ಮಂಚಕ್ಕೆ ಬಂತು. ಹಸು ಮಾರಿಬಿಡೋಣ ಅನ್ನುವ ಮಾತೂ ಶುರುವಾಯಿತು. ಮೂರು ವಾರ ಬಿಟ್ಟು ನಾನು ಹೋದಾಗ ಅಜ್ಜಿಗೆ ಇಬ್ಬರು ಹಿಡಿಯದೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಅರ್ಧ ಮುದ್ದೆ ಊಟ.

"ಹೆಂಗಿದ್ದೀರಜ್ಜಿ?" ಅಂದೆ.

"ಇದ್ದೀನಮ್ಮ, ಮೂಲೇಲಿಟ್ಟ ಒನಕೆ ಥರ."

ನಮ್ಮ ಉಪಕೇಂದ್ರದ ಸಿಎಚ್ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂಗೆ ಹೇಳಿದಾಗ ಅವರು ಬೈಯಲಿಲ್ಲ, ಆದರೆ ನನಗೆ ಬೈದ ಹಾಗೇ ಆಯಿತು. ವಯಸ್ಸಾದ ಮೈ ಸುಮ್ನೆ ಮಲಗಿದರೆ ತೊಡೆ ಕಾಲಿನ ಬಲ ಬಲು ಬೇಗ ಇಳಿಯುತ್ತದೆ, ಮತ್ತೆ ಬರಿಸುವುದಕ್ಕೆ ಅದಕ್ಕಿಂತ ಜಾಸ್ತಿ ದಿನ ಬೇಕು ಅಂದರು. ಬಿದ್ದದ್ದು ಯಾಕೆ ಅಂತ ನೋಡಿದೆಯಾ ಅಂತಲೂ ಕೇಳಿದರು. ನೋಡಿರಲಿಲ್ಲ. ವಯಸ್ಸಾಯಿತು, ಬಿದ್ದರು ಅಂದುಕೊಂಡಿದ್ದೆ.

ಮೇಡಂ ಜೊತೆಗೇ ಹೋದೆ. ಮೊದಲು ಮಾತ್ರೆ ಡಬ್ಬಿ ತೆಗೆಸಿದರು. ಬಿ.ಪಿ. ಮಾತ್ರೆಗಳಲ್ಲಿ ಒಂದು ಮೂತ್ರ ಜಾಸ್ತಿ ಮಾಡಿಸುವಂಥದ್ದು. ಅದನ್ನು ಅಜ್ಜಿ ರಾತ್ರಿ ಊಟ ಆದ ಮೇಲೆ ನುಂಗುತ್ತಿದ್ದರು! ಆಮೇಲೆ ಮಲಗಿಸಿಯೇ ಬಿ.ಪಿ. ನೋಡಿದರು, ಹಿಡಿದು ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದರು. ಮಲಗಿದಾಗ ಮೇಲಿನ ಅಂಕಿ 138, ನಿಂತಾಗ 112. ನಿಂತಾಗ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ತಲೆ ತಿರುಗಿ ಬೀಳುವ ಅಪಾಯ ಇರುತ್ತದಂತೆ. ಕೂರಿಸಿ ಒಂದೇ ಸಲ ನೋಡಿದರೆ ಇದು ಗೊತ್ತೇ ಆಗಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಆ ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿ, ಇನ್ನೊಂದರ ಪ್ರಮಾಣ ಇಳಿಸಿದರು. (ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಈ ಕಥೆ ಕೇಳಿ ಇಬ್ಬರು ಹಾಗೆ ಮಾಡಿಕೊಂಡರು.) ರಾತ್ರಿ ಎದ್ದ ಕೂಡಲೇ ನಡೆಯಬಾರದು, ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲಬೇಕು ಅಂತ ಅಜ್ಜಿಗೆ ಹೇಳಿಕೊಟ್ಟೆವು.

ಇನ್ನು ಬಚ್ಚಲು. ನೆಲಕ್ಕೆ ಚಪ್ಪಡಿ ಕಲ್ಲು, ಅದರ ಮೇಲೆ ಪಾಚಿ, ದಾರಿಯಲ್ಲಿ ಲೈಟಿಲ್ಲ. ಮೊಮ್ಮಗನಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಲು ಹೇಳಿದೆ. ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ಬಲ್ಬು. ಹಿಡಿದುಕೊಳ್ಳಲು ಗೋಡೆಗೊಂದು ಪೈಪು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು, ಸಾವಿರ ಅಡಿ ಕೊರೆದರೂ ಬತ್ತುವ ಬೋರ್‌ವೆಲ್‌ಗಳ ಊರು. ಕಬ್ಬಿಣದ ಪೈಪಿಗಂತೂ ಬರವಿಲ್ಲ! ವೆಲ್ಡಿಂಗ್ ಅಂಗಡಿಯವನು ಹಳೇ ಪೈಪು ಕತ್ತರಿಸಿ ಮುನ್ನೂರು ರೂಪಾಯಿಗೆ ಹಾಕಿಕೊಟ್ಟ.

ಊರುಗೋಲಿನದೂ ಒಂದು ಕಥೆ. ಮಗ ತಂದಿದ್ದು ಎದೆಯುದ್ದದ ಕೋಲು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಕೆಳಗೆ ರಬ್ಬರ್ ಬುಡ ಇರಬೇಕು. ನೋಯುವುದು ಬಲ ಮಂಡಿಯಾದರೆ ಕೋಲು ಎಡಗೈಯಲ್ಲಿ. ಇದನ್ನು ಹೇಳಿದರೆ ಯಾರೂ ನಂಬಲ್ಲ, ನಡೆದು ನೋಡಿದ ಮೇಲೆ ನಂಬುತ್ತಾರೆ.

ಕಾಲಿಗೆ ಬಲ ತರಿಸುವುದೇ ಕಷ್ಟದ ಕೆಲಸ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಎಪ್ಪತ್ತೈದರಿಂದ ಎಪ್ಪತ್ತೊಂಬತ್ತು ವಯಸ್ಸಿನ ಹೆಂಗಸರು 30 ಸೆಕೆಂಡಿನಲ್ಲಿ ಹತ್ತು ಸಲವಾದರೂ ಮಾಡಬೇಕು. ಅಜ್ಜಿ ಮೊದಲ ದಿನ ಕೈ ಊರಿಕೊಂಡು ಮೂರು ಸಲ ಎದ್ದು, "ಇದೇನು ಸ್ಕೂಲ್ ಡ್ರಿಲ್ಲಾ?" ಅಂತ ರೇಗಿದರು. ವ್ಯಾಯಾಮ ಅಂದರೆ ನಮ್ಮ ಅಜ್ಜಿಯರು ಮಾಡಲ್ಲ. ನಾನು ಬೇರೆ ದಾರಿ ಹಿಡಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಊರ ನಾಲ್ಕೈದು ಅಜ್ಜಿಯರು ಆಧಾರ್ ಕಾರ್ಡ್ ಸೆರಗಿಗೆ ಕಟ್ಟಿಕೊಂಡು ಸಂಕಷ್ಟಿಗೆ ಕುರುಡುಮಲೆ ಗಣಪನ ಹತ್ತಿರ ಹೋಗಿ ಬರುತ್ತಿದ್ದರು. "ಬಸ್ಸಿನ ಮೆಟ್ಟಿಲು ಹತ್ತಬೇಕಲ್ವಾ ಅಜ್ಜಿ? ಕಂಡಕ್ಟರ್ ಎತ್ತಿ ಹಾಕ್ತಾನಾ?" ಅಂದೆ. ಅವತ್ತಿಂದ ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು ಶುರುವಾಯಿತು, ಸೊಸೆ ಪಕ್ಕದಲ್ಲಿ ನಿಂತು, ಹಿಡಿಯದೆ. ಹಿಡಿಯದೆ ನಿಲ್ಲುವುದು ಸೊಸೆಗೆ ತುಂಬಾ ಕಷ್ಟ ಆಯಿತು. ನನಗೂ.

ಊಟದಲ್ಲಿ ಜಾಸ್ತಿ ಬದಲಾಯಿಸಲಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಇದ್ದೇ ಇದೆ. ಹುರುಳಿ, ಅವರೆಕಾಳು, ಮೊಟ್ಟೆ ಸೇರಿಸಿ ಅಂದೆ, ಡೈರಿಗೆ ಹಾಕುವ ಹಾಲಲ್ಲಿ ಒಂದು ಲೋಟ ಮನೆಗೂ ಇಟ್ಟುಕೊಳ್ಳಿ ಅಂದೆ. ನೀರಿನ ವಿಷಯ ಮಾತ್ರ ಹೇಳಲೇಬೇಕು. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಹಿಡಿದುಕೊಳ್ಳುತ್ತದೆ. ಶುದ್ಧ ನೀರಿನ ಘಟಕ ಊರಲ್ಲೇ ಇದೆ. ಆದರೆ ಇಪ್ಪತ್ತು ಲೀಟರ್ ಕ್ಯಾನು ಒಂಟಿ ಅಜ್ಜಿ ಹೊರುವುದು ಹೇಗೆ? ಹೊರಲಾಗದೆ ನಲ್ಲಿಯ ಬೋರ್ ನೀರೇ ಕುಡಿಯುತ್ತಿದ್ದವರು ನಮ್ಮಲ್ಲಿ ಮೂವರಿದ್ದರು. ಐದು ಲೀಟರಿನ ಕ್ಯಾನು ಕೊಡಿಸಿದೆವು. ಅಷ್ಟೇ ಆಗಬೇಕಿದ್ದದ್ದು.

ಯಾರಿಗೆ ಕಾಯಿಲೆಯ ಅಪಾಯ ಇದೆ ಅಂತ ಗುರುತಿಸಲು ನಾವು ಮನೆಮನೆಯಲ್ಲಿ ತುಂಬುವ ಸಿಬ್ಯಾಕ್ ಫಾರಂನಲ್ಲಿ ಅರವತ್ತು ದಾಟಿದವರಿಗೆ ಅಂತಲೇ ಪ್ರಶ್ನೆಗಳಿವೆ. ನಿಂತಾಗ, ನಡೆವಾಗ ತೂರಾಡುತ್ತೀರಾ, ಸ್ನಾನಕ್ಕೆ, ಬಟ್ಟೆಗೆ ಬೇರೆಯವರು ಬೇಕಾ, ಮನೆಯವರ ಹೆಸರು ಮರೆಯುತ್ತದಾ. ಮೊದಲೆಲ್ಲ ಸೊಸೆ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. 2024ರ ಅಕ್ಟೋಬರ್‌ನಲ್ಲಿ ಮನೆಗೇ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ನಮ್ಮ ಕೋಲಾರದಲ್ಲೇ ಮೊದಲು ಶುರುವಾದಾಗಿನಿಂದ ಮನೆ ಭೇಟಿ ಹೆಚ್ಚಾಯಿತು. ಈಗ ಅಜ್ಜಿ, ತಾತನ ಪಕ್ಕ ಕೂತು ಅವರ ಮುಖ ನೋಡಿಯೇ ಕೇಳುತ್ತೇನೆ. ಕಿವಿ ಕೇಳದವರ ಹತ್ತಿರ ಕಿರುಚಬೇಕಿಲ್ಲ. ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ಸಾಕು.

ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನದೇ: ಪಾಸ್‌ಬುಕ್ ಯಾರ ಟ್ರಂಕಿನಲ್ಲಿದೆ? ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಎಲೆ ಅಡಿಕೆಗೆ ಮಗನ ಮುಂದೆ ಕೈ ಚಾಚುವ ತಾತಂದಿರಿದ್ದಾರೆ. ಕೂಲಿ ಮಾಡಿ ಬೆರಳಿನ ಗೆರೆ ಸವೆದು ಯಂತ್ರದಲ್ಲಿ ಹೆಬ್ಬೆಟ್ಟು ಕೂರದಿದ್ದಾಗ ಪಾಸ್‌ಬುಕ್ ಮಗನ ಕೈಗೆ ಹೋಗುತ್ತದೆ, ವಾಪಸ್ ಬರಲ್ಲ. ಹತ್ತೂ ಬೆರಳು ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟು ನೋಡಿಸುತ್ತೇನೆ. ಆಗದಿದ್ದರೆ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಹೊಸದಾಗಿ ಕೊಡಿಸುತ್ತೇನೆ.

ಜಮೀನು ಮಗನಿಗೆ ಬರೆದುಕೊಟ್ಟು ಹಸುವಿನ ಕೊಟ್ಟಿಗೆಗೆ ಬಂದ ತಾತನೊಬ್ಬರಿಗೆ ಮಕ್ಕಳು ಹೆತ್ತವರನ್ನು ನೋಡಿಕೊಳ್ಳಬೇಕು ಅನ್ನುವ 2007ರ ಹಿರಿಯ ನಾಗರಿಕರ ಕಾಯ್ದೆ, ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿನ ಅರ್ಜಿ ಎಲ್ಲ ಹೇಳಿದೆ. "ಮಗನ ಮೇಲೆ ಕೇಸ್ ಹಾಕಿ ಊರಲ್ಲಿ ಹೆಂಗಮ್ಮ ತಲೆ ಎತ್ತೋದು" ಅಂದರು. ಒತ್ತಾಯ ಮಾಡಲಿಲ್ಲ. 14567 ಅನ್ನುವ ಹಿರಿಯರ ಸಹಾಯವಾಣಿ ನಂಬರು ಗೋಡೆಗೆ ದೊಡ್ಡದಾಗಿ ಬರೆದು ಬಂದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಎತ್ತುತ್ತಾರೆ. ತಾತ ಇನ್ನೂ ಫೋನ್ ಮಾಡಿಲ್ಲ. ಆದರೆ ಮಗ ಆ ನಂಬರು ಓದಿದ್ದಾನೆ, ತಾತನ ಮಂಚ ಈಗ ಪಡಸಾಲೆಗೆ ಬಂದಿದೆ.

ಡೈರಿ ಅಜ್ಜಿ ನಾಲ್ಕನೇ ತಿಂಗಳಿಗೆ ಕೈ ಊರದೆ ಒಂಬತ್ತು ಸಲ ಏಳುತ್ತಿದ್ದರು. ಹಸು ಮಾರಲಿಲ್ಲ. ಕರೆಯುವುದು ಸೊಸೆ, ಹಾಕಲು ಹೋಗುವುದು ಅಜ್ಜಿ, ಮೂರು ಲೀಟರಿನ ಚಿಕ್ಕ ಕ್ಯಾನಿನಲ್ಲಿ. ಮೊನ್ನೆ ಬೆಳಿಗ್ಗೆ ನಾನು ಡೈರಿ ಮುಂದೆ ಹೋಗುವಾಗ ಒಳಗೆ ದೊಡ್ಡ ಗಲಾಟೆ. ಫ್ಯಾಟ್ ಕಮ್ಮಿ ಬಂದಿದೆ ಅಂತ ಅಜ್ಜಿ ಚೀಟಿ ಹಿಡಿದು ಜಗಳಕ್ಕೆ ನಿಂತಿದ್ದರು. ನನ್ನ ಕಡೆ ತಿರುಗಿ, "ಆಶಮ್ಮ, ಈ ಚೀಟಿ ಓದಿ ಹೇಳು ಬಾ" ಅಂದರು. ಊರುಗೋಲು ಗೋಡೆಗೆ ಒರಗಿಸಿತ್ತು.