ಹತ್ತಿ ಹಿಂಜುತ್ತಾ ಬಂದ ಮಾತು

ರಾಯಚೂರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಗುಂಪು ಸಮಾಲೋಚನೆ ಶುರುಮಾಡುತ್ತೇನೆ ಎಂದಾಗ, ಇಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಮೊದಲ ನಾಲ್ಕು ತಿಂಗಳು ಅವರ ಮಾತೇ ನಿಜವಾಯಿತು. ದುಂಡಗೆ ಕುರ್ಚಿ ಹಾಕಿ, ಬಾಗಿಲಿಗೆ ‘ಆಪ್ತ ಸಮಾಲೋಚನೆ’ ಎಂಬ ಫಲಕ ತೂಗುಹಾಕಿದ್ದೆ. ‘ನಮಗೇನು ತಲೆ ಕೆಟ್ಟಿದೆಯೇ?’ ಎಂದು ಜನ ಹೊಸ್ತಿಲಿನಿಂದಲೇ ಹಿಂದಿರುಗಿದರು. ಮನಸ್ಸಿನ ಸಂಕಟವನ್ನು 0ಯಿಂದ 10ರವರೆಗೆ ಅಳೆಯುವ ಥರ್ಮಾಮೀಟರ್ ಚಿತ್ರ ಕೊಟ್ಟರೆ ಮಾನ್ವಿ ಕಡೆಯ ಅಜ್ಜಿಯೊಬ್ಬರು ‘ಜ್ವರ ಇಲ್ಲಪ್ಪ’ ಎಂದು ವಾಪಸು ಕೊಟ್ಟರು. ಈಗ ಅದರ ಬದಲು ನೀರಿನ ಕೊಡದ ಚಿತ್ರವಿದೆ. ನೀರು ಎಲ್ಲಿಯವರೆಗೆ ತುಂಬಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. 4 ಮುಟ್ಟಿದರೆ ಹೆಚ್ಚಿನ ಗಮನ ಬೇಕು; ಆ ಗೆರೆ ಹಿಂಬದಿಯಲ್ಲಿ, ನನಗೆ ಮಾತ್ರ.

ಕೌದಿ ಹೊಲಿಯುತ್ತಾ ಅತ್ತೆ, ಸಾಲ, ಗಂಡ ಎಲ್ಲವನ್ನೂ ಹೊರಹಾಕುತ್ತಿದ್ದ ನಮ್ಮ ಓಣಿಯ ಹೆಂಗಸರು ನೆನಪಾದರು. ಕೀಮೋದಿಂದ ಬೆರಳು ಜೋಮು ಹಿಡಿದವರಿಗೆ ಸೂಜಿ ಆಗದು. ಶೇಂಗಾ ಬಿಡಿಸಲು ಕೊಟ್ಟೆ. ಉಗುರು ನೋಯುವವರಿಗೆ ಸಿಪ್ಪೆ ಒಡೆಯಲಾಗಲಿಲ್ಲ. ಬಾಯಿ ಹುಣ್ಣಾದವರ ಎದುರೇ ಉಳಿದವರು ಮೆಲ್ಲುತ್ತಿದ್ದರು. ಶುದ್ಧ ದಡ್ಡತನ, ನನ್ನದೇ.

ಆಮೇಲೆ ಹತ್ತಿ. ಸ್ತನದ ಶಸ್ತ್ರಚಿಕಿತ್ಸೆಯಾದವರು ಕಂಕುಳಲ್ಲಿ ಇಟ್ಟುಕೊಳ್ಳುವ ಚಿಕ್ಕ ದಿಂಬು ತುಂಬುವ ಕೆಲಸ. (ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಧೂಳಿನಿಂದಾಗಿ ಹಿಂಜುವುದು ಬೇಡ, ಬಟ್ಟೆ ಕತ್ತರಿಸಲಿ.) ಮೂರನೆಯ ವಾರ ಒಬ್ಬಾಕೆ, ದಿಂಬಿನ ಮೂಲೆಗೆ ಹತ್ತಿ ತುರುಕುತ್ತಾ, ತಲೆ ಎತ್ತದೆ, ‘ಮನೆಯಲ್ಲಿ ನನ್ನ ತಟ್ಟೆ ಬೇರೆ ಇಟ್ಟಿದ್ದಾರೆ’ ಎಂದರು. ಪಕ್ಕದವರು ‘ನನ್ನ ಲೋಟವೂ’ ಎಂದರು. ಅಂದು ಒಂದೂವರೆ ತಾಸು ತಟ್ಟೆ, ಲೋಟದ್ದೇ ಮಾತು. ಮುಂದಿನ ವಾರ ಮನೆಯವರನ್ನು ಕರೆಸಿದೆ. ಕ್ಯಾನ್ಸರ್ ಅಂಟುವುದಿಲ್ಲ ಎಂಬ ಭಾಷಣ ಮಾಡಲಿಲ್ಲ. ಒಂದೇ ಬುಟ್ಟಿಯಿಂದ ರೊಟ್ಟಿ ತಿಂದೆವು. ತಟ್ಟೆ ಬೇರೆ ಇಟ್ಟಿದ್ದ ಆ ಮನೆಯ ಅತ್ತೆ ಮೊದಲು ಬರೀ ಚಹಾ ಕುಡಿದರು. ಹೊರಡುವ ಹೊತ್ತಿಗೆ ಸೊಸೆಯ ಕೈಯಲ್ಲಿದ್ದ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡರು.

ಬಾಡಿಗೆ, ಹತ್ತಿ, ಬಟ್ಟೆ, ಚಹಾ ಸೇರಿ ಮೊದಲ ವರ್ಷ 40 ಸಾವಿರದ ಹತ್ತಿರ ಹೋಯಿತು, ಬಹುಪಾಲು ನನ್ನ ಜೇಬಿನಿಂದ. ನೆರವು ಕೊಡುತ್ತೇವೆ ಎಂದವರು ಫೋಟೊ ತೆಗೆಸಿಕೊಂಡು ಮಾಯವಾದರು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಉಚಿತ. ಗಂಡಸರ ಟಿಕೆಟ್ಟಿನ ದುಡ್ಡು ನನ್ನ ತಲೆಗೆ. ಗುಟ್ಕಾದಿಂದ ದವಡೆ ಕಳೆದುಕೊಂಡು ‘ಮಾಡಿದ್ದುಣ್ಣೋ ಮಹರಾಯ’ ಎಂದು ಮೂಲೆ ಸೇರಿದ್ದ ಆ ಗಂಡಸರನ್ನು ಒಳಗೆ ತಂದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿ.

ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳುವ ಮುನ್ನ ಧ್ವನಿ ಮುದ್ರಿಸಿಡುವ ಪ್ರಯೋಗವನ್ನೂ ಮಾಡಿದೆ, ಐದು ಜನರಿಗೆ. ಒಬ್ಬರ ಹೆಂಡತಿ ‘ಕೇಳಲಾರೆ, ಅಳಿಸಿಬಿಡಿ’ ಎಂದು ಮೊಬೈಲ್ ಚಾಚಿದ ಮೇಲೆ ನಿಲ್ಲಿಸಿದೆ.

ಈಗ ಹನ್ನೊಂದು ಹನ್ನೆರಡು ಮಂದಿ ತಪ್ಪದೆ ಬರುತ್ತಾರೆ. 7, 8ರಲ್ಲಿದ್ದ ಕೊಡಗಳು 4ರ ಸುತ್ತ ಇಳಿದಿವೆ. ಇಳಿಯದ ಇಬ್ಬರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಹತ್ತಿಗೆ ಅಷ್ಟು ಶಕ್ತಿಯಿಲ್ಲ. ನಕ್ಕಿದ್ದ ಹಿರಿಯರು ಹೋದ ತಿಂಗಳು ತಮ್ಮ ರೋಗಿಯೊಬ್ಬರನ್ನು ಕಳುಹಿಸಿದ್ದರು. ಚೀಟಿಯಲ್ಲಿ ‘ಹತ್ತಿ ಕೆಲಸಕ್ಕೆ’ ಎಂದಷ್ಟೇ ಇತ್ತು.